ಚಿಕಾಗೋದ ರಸ್ತೆ ಭೋಗ್ಯಕ್ಕೆ, 2084ರವರೆಗೆ

ಚಿಕಾಗೋ ನಗರವನ್ನು ರಿಚರ್ಡ್ ಎಂ. ಡೇಲಿ 22 ವರ್ಷ ಆಳಿದರು ಎಂದು ದಾಖಲೆ ಹೇಳುತ್ತದೆ. 1989ರಲ್ಲಿ ಮೇಯರ್ ಆದವರು 2011ರ ಮೇ ತಿಂಗಳಲ್ಲಿ ಕುರ್ಚಿ ಬಿಟ್ಟರಂತೆ. ದಾಖಲೆಯನ್ನು ನಂಬಬೇಡಿ. ಅವರ ಆಳ್ವಿಕೆ 2084ರವರೆಗೂ ಇದೆ. ಅನುಮಾನವಿದ್ದರೆ ಆ ಊರಿನ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ, ಮೀಟರಿಗೆ ದುಡ್ಡು ಹಾಕಿ, ಅದು ಯಾರ ಜೇಬಿಗೆ ಹೋಯಿತೆಂದು ವಿಚಾರಿಸಿ. ಊರಿನ ಖಜಾನೆಗಂತೂ ಹೋಗುವುದಿಲ್ಲ.

ಮೇಯರ್‌ಗಿರಿ ಆ ಮನೆಯಲ್ಲಿ ಪಿತ್ರಾರ್ಜಿತ. ಅಪ್ಪ ರಿಚರ್ಡ್ ಜೆ. ಡೇಲಿ 1955ರಲ್ಲಿ ಕುರ್ಚಿ ಹತ್ತಿದವರು, 1976ರ ಡಿಸೆಂಬರಿನಲ್ಲಿ ಪ್ರಾಣ ಹೋದ ಮೇಲೆಯೇ ಇಳಿದದ್ದು. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಹೊರಗೆ ಪೊಲೀಸರು ಪ್ರತಿಭಟನಕಾರರ ಮೇಲೆ ಲಾಠಿ ಬೀಸಿದಾಗ ಈ ಹಿರಿಯರು ಕೊಟ್ಟ ಸಮಜಾಯಿಷಿ ಇಂದಿಗೂ ಜನರ ಬಾಯಲ್ಲಿದೆ: ಪೊಲೀಸರು ಇರುವುದು ಅವ್ಯವಸ್ಥೆ ಹುಟ್ಟಿಸಲಿಕ್ಕಲ್ಲ, ಅವ್ಯವಸ್ಥೆಯನ್ನು ಕಾಪಾಡಲಿಕ್ಕೆ. ಬಾಯಿತಪ್ಪಿ ಬಂದ ಮಾತು ಎಂದು ಎಲ್ಲರೂ ನಕ್ಕರು. ಬಾಯಿತಪ್ಪಿ ನಿಜ ಹೇಳಿದ ರಾಜಕಾರಣಿಗಳು ಸಿಗುವುದೇ ಅಪರೂಪ, ನಗುವ ಮೊದಲು ಒಂದು ಹಾರ ಹಾಕಬೇಕಿತ್ತು.

ಮಗ ವಕೀಲಿಕೆ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲಕ್ಕೆ ದಡ ಸೇರಿದರು. ಆಮೇಲೆ ಚಿಕಾಗೋ ಸೇರಿರುವ ಕುಕ್ ಕೌಂಟಿ ಎಂಬ ಜಿಲ್ಲೆಗೆ ಮುಖ್ಯ ಸರ್ಕಾರಿ ವಕೀಲರೇ ಆದರು. 1983ರಲ್ಲಿ ಮೇಯರ್ ಪದವಿಗೆ ಕೈಚಾಚಿದಾಗ ಪಕ್ಷದೊಳಗಿನ ಚುನಾವಣೆಯಲ್ಲೇ ಹೆರಾಲ್ಡ್ ವಾಷಿಂಗ್ಟನ್ ಎಂಬವರು ಇವರನ್ನು ಮಣಿಸಿ, ಮುಂದೆ ಊರಿನ ಮೊದಲ ಕಪ್ಪು ಮೇಯರ್ ಆದರು. ವಾಷಿಂಗ್ಟನ್ 1987ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಎರಡು ವರ್ಷದ ನಂತರ ಕುರ್ಚಿ ಮತ್ತೆ ಡೇಲಿ ಮನೆಗೇ ಬಂತು. ಅಲ್ಲಿಂದ ಆರು ಚುನಾವಣೆ, ಆರೂ ಗೆಲುವು. 1955ರಿಂದ 2011ರವರೆಗಿನ 56 ವರ್ಷದಲ್ಲಿ ಸುಮಾರು 43 ವರ್ಷ ಅಪ್ಪ–ಮಗನದ್ದೇ. ನಾವು ಕುಟುಂಬ ರಾಜಕಾರಣ ಎಂದು ಸುಮ್ಮನೆ ನಮ್ಮ ನಮ್ಮ ಪಕ್ಷಗಳನ್ನು ಬೈಯುತ್ತಿರುತ್ತೇವೆ.

ಮೇಯರ್ ಸಾಹೇಬರಿಗೆ ಹೂ ಎಂದರೆ ಪ್ರಾಣ. ರಸ್ತೆ ನಡುವೆ ಹೂಕುಂಡ ಇಡಿಸಿದರು, ನಗರಸಭೆ ಕಟ್ಟಡದ ತಾರಸಿಯ ಮೇಲೆ ತೋಟ ಮಾಡಿಸಿದರು. ಮಿಲೆನಿಯಂ ಪಾರ್ಕ್ ಎಂಬ ಉದ್ಯಾನ 2000ಕ್ಕೆ ತಯಾರಾಗಬೇಕಿತ್ತು, 2004ರ ಜುಲೈನಲ್ಲಿ ತೆರೆಯಿತು. ಖರ್ಚು ಅಂದಾಜಿನ ಮೂರು ಪಟ್ಟು. ಸಾವಿರ ವರ್ಷದ ಹೆಸರಿಟ್ಟುಕೊಂಡ ಉದ್ಯಾನಕ್ಕೆ ನಾಲ್ಕು ವರ್ಷ ಯಾವ ಲೆಕ್ಕ! ಉದ್ಯಾನ ಚೆನ್ನಾಗಿದೆ ಎಂಬುದನ್ನೂ ಹೇಳಿಬಿಡಬೇಕು. 2005ರಲ್ಲಿ 'ಟೈಮ್' ಪತ್ರಿಕೆ ದೇಶದ ಐವರು ಅತ್ಯುತ್ತಮ ದೊಡ್ಡ ನಗರಗಳ ಮೇಯರ್‌ಗಳಲ್ಲಿ ಇವರನ್ನೂ ಸೇರಿಸಿತು. ಅದರ ಹಿಂದಿನ ವರ್ಷವಷ್ಟೇ, ನಗರಸಭೆ ಬಾಡಿಗೆಗೆ ಹಿಡಿದ ಖಾಸಗಿ ಲಾರಿಗಳು ಕೆಲಸವೇ ಇಲ್ಲದೆ ನಿಂತಲ್ಲೇ ಬಾಡಿಗೆ ಎಣಿಸುತ್ತಿದ್ದ ಹಗರಣ ಹೊರಬಿದ್ದಿತ್ತು. ಸಾಹೇಬರಿಗೆ ಅದರ ಸುಳಿವೇ ಇರಲಿಲ್ಲವಂತೆ. ಯಾವ ಬೀದಿಯಲ್ಲಿ ಯಾವ ಗಿಡ ಬಾಡಿದೆ ಎಂದು ಬಲ್ಲವರಿಗೆ ಲಾರಿ ಕಾಣದೇ ಇರುವುದು ಸಹಜವೇ, ಲಾರಿಗೆ ನೀರು ಹಾಕಬೇಕಿಲ್ಲವಲ್ಲ.

ಹೂವಿನ ಮೇಲಿನ ಈ ಪ್ರೀತಿ ಒಮ್ಮೆ ವಿಮಾನ ನಿಲ್ದಾಣಕ್ಕೂ ತಟ್ಟಿತು. ಪೇಟೆಗೆ ತಾಗಿಕೊಂಡು, ಮಿಶಿಗನ್ ಸರೋವರದ ದಂಡೆಯಲ್ಲಿ ಮೀಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣವಿತ್ತು. ಸಾಹೇಬರಿಗೆ ಅಲ್ಲಿ ಉದ್ಯಾನ ಬೇಕು, ಸಣ್ಣ ವಿಮಾನದವರಿಗೆ ರನ್‌ವೇ ಬೇಕು. ವರ್ಷಗಟ್ಟಲೆ ಜಗ್ಗಾಟ. 2003ರ ಮಾರ್ಚ್ 30ರ ನಡುರಾತ್ರಿ ಪೊಲೀಸ್ ಬೆಂಗಾವಲಿನಲ್ಲಿ ಬುಲ್ಡೋಜರುಗಳು ಬಂದವು. ಬೆಳಗಾಗುವಷ್ಟರಲ್ಲಿ ರನ್‌ವೇ ಮೇಲೆ ಆರು ದೊಡ್ಡ ಇಂಟು ಮಾರ್ಕು ಅಗೆದಿದ್ದವು, ಉತ್ತರಪತ್ರಿಕೆಗೆ ಮೇಷ್ಟ್ರು ಎಳೆದ ಹಾಗೆ. ನಿಲ್ದಾಣದಲ್ಲಿದ್ದ 16 ವಿಮಾನಗಳು ಅಲ್ಲೇ ಸಿಕ್ಕಿಬಿದ್ದವು, ಆಮೇಲೆ ಪಕ್ಕದ ಟ್ಯಾಕ್ಸಿವೇಯನ್ನೇ ರನ್‌ವೇ ಮಾಡಿಕೊಂಡು ಹಾರಿಹೋದವು. ಯಾಕೆ ಸ್ವಾಮಿ ಹೀಗೆ ಎಂದರೆ ಭಯೋತ್ಪಾದಕರ ಭಯ ಎಂದರು.

ನಿಲ್ದಾಣ ಮುಚ್ಚಲು 30 ದಿನದ ನೋಟಿಸ್ ಕೊಡಬೇಕು ಎಂಬ ಕೇಂದ್ರದ ನಿಯಮವಿತ್ತು. ತಪ್ಪಿದರೆ ದಿನಕ್ಕೆ 1,100 ಡಾಲರ್ ದಂಡ. 30 ದಿನಕ್ಕೆ 33,000 ಡಾಲರ್ ವಿಧಿಸಿದರು. ಒಂದು ವಿಮಾನ ನಿಲ್ದಾಣವನ್ನು ಅಗೆದುಹಾಕುವುದಕ್ಕೆ ಒಂದು ಸಾಧಾರಣ ಕಾರಿನ ಬೆಲೆ! ಅಮೆರಿಕದ ಸಂಸತ್ತು ಬೆಚ್ಚಿಬಿದ್ದು, ಮುಂದೆ ಇನ್ಯಾರಿಗೂ ಇಷ್ಟು ಅಗ್ಗವಾಗಬಾರದೆಂದು ದಂಡವನ್ನು ದಿನಕ್ಕೆ 10,000 ಡಾಲರಿಗೆ ಏರಿಸಿತು. ಊರಿನ ಜನ ಮಾತ್ರ 2007ರಲ್ಲಿ ಸಾಹೇಬರನ್ನು ಮತ್ತೆ ಗೆಲ್ಲಿಸಿದರು.

ಆ ಗೆಲುವಿನ ಭರದಲ್ಲಿಯೇ ರಸ್ತೆಬದಿ ಭೋಗ್ಯಕ್ಕೆ ಹೋದದ್ದು. 2008ರ ಕೊನೆಗೆ ಜಗತ್ತಿನ ಬ್ಯಾಂಕುಗಳು ಒಂದೊಂದಾಗಿ ಮಕಾಡೆ ಮಲಗುತ್ತಿದ್ದವು, ನಗರದ ಬಜೆಟ್ಟಿನಲ್ಲಿ ದೊಡ್ಡ ತೂತು. ಸುಮಾರು 36,000 ಪಾರ್ಕಿಂಗ್ ಮೀಟರುಗಳ ಆದಾಯವನ್ನು 75 ವರ್ಷಕ್ಕೆ ಖಾಸಗಿ ಕಂಪನಿಗೆ ಬರೆದುಕೊಡುವುದು, ಬದಲಿಗೆ 115 ಕೋಟಿ ಡಾಲರ್ ಒಂದೇ ಗಂಟಿನಲ್ಲಿ ಪಡೆಯುವುದು, ಇದು ಸಾಹೇಬರು ಕಂಡುಕೊಂಡ ಮದ್ದು. ಡಿಸೆಂಬರ್ 2ರಂದು ಪ್ರಕಟಿಸಿದರು, 4ರಂದು ನಗರಸಭೆ ಕೈಯೆತ್ತಿತು. ಪರ 40, ವಿರೋಧ 5. ಬಾಡಿಗೆ ಮನೆಗೆ 11 ತಿಂಗಳ ಕರಾರು ಬರೆಯುವಾಗಲೂ ನಾವು ಎರಡು ದಿನ ಹೆಚ್ಚೇ ಯೋಚಿಸುತ್ತೇವೆ.

ಕೊಂಡವರು ಯಾರೆಂದರೆ ಮಾರ್ಗನ್ ಸ್ಟಾನ್ಲಿ ಮುಂದಾಳತ್ವದ ಹೂಡಿಕೆದಾರರು. ಜರ್ಮನಿಯ ಅಲಿಯಾನ್ಜ್, ಅಬುಧಾಬಿಯ ಸರ್ಕಾರಿ ಹೂಡಿಕೆ ನಿಧಿ ಕೂಡ ಪಾಲುದಾರರು. ಮರುವರ್ಷವೇ ದರ ಜಿಗಿಯಿತು. ಬಡಾವಣೆಗಳಲ್ಲಿ ಗಂಟೆಗೆ ಕಾಲು ಡಾಲರ್ ಇದ್ದದ್ದು ಒಂದು ಡಾಲರ್ ಆಯಿತು. ಪೇಟೆಯ ನಡುಭಾಗದಲ್ಲಿ ಮೂರರಿಂದ ಮೂರೂವರೆಗೆ ಏರಿತು, 2013ರ ಹೊತ್ತಿಗೆ ಆರೂವರೆ. ಹೊಸ ಯಂತ್ರ ಇನ್ನೂ ಬಂದಿರಲಿಲ್ಲ, ಹಳೆಯವು ಕಾಲು ಡಾಲರ್ ನಾಣ್ಯ ನುಂಗುವ ಜಾತಿಯವು. ಪೇಟೆಯಲ್ಲಿ ಎರಡು ಗಂಟೆ ಕಾರು ನಿಲ್ಲಿಸಬೇಕೆಂದರೆ 28 ನಾಣ್ಯ! ಜೇಬು ಜಗ್ಗಿಸಿಕೊಂಡು ಬಂದು, ಚಳಿಯಲ್ಲಿ ಕೈಗವಸು ತೆಗೆದು, ಒಂದೊಂದೇ ಒಳಗೆ ತೂರಿಸಬೇಕು. ಮೀಟರುಗಳ ಹೊಟ್ಟೆ ತುಂಬಿ ಗಂಟಲಿನವರೆಗೂ ನಾಣ್ಯ ನಿಂತು, ಇನ್ನು ಇಳಿಯುವುದಿಲ್ಲ ಎಂದು ಕೆಟ್ಟು ಕೂತವು. ಸಿಟ್ಟಿಗೆದ್ದ ಕೆಲವರು ಅವುಗಳನ್ನು ಒಡೆದರು.

ನಗರದ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಆಡಳಿತದ ಅಕ್ರಮ ಹುಡುಕುವ ಅಧಿಕಾರಿ, 2009ರಲ್ಲಿ ಕೂತು ಲೆಕ್ಕ ಹಾಕಿದರು: ಮೀಟರುಗಳ ನಿಜವಾದ ಬೆಲೆಗಿಂತ ಊರಿಗೆ ಸುಮಾರು 97 ಕೋಟಿ ಡಾಲರ್ ಕಡಿಮೆ ಬಂದಿದೆ. ಬಂದದ್ದಾದರೂ ಉಳಿಯಿತೇ? ಸಾಹೇಬರು ಕುರ್ಚಿ ಬಿಡುವಷ್ಟರಲ್ಲಿ ಗಂಟಿನ ಬಹುಪಾಲು ಕರಗಿತ್ತು. ಕಂಪನಿ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂದಾಗಿದೆ. ಉಳಿದ ವರ್ಷಗಳದ್ದೆಲ್ಲ ಬರೀ ಲಾಭ, ಮತ್ತು ಆ ವರ್ಷಗಳು ಅರವತ್ತರ ಆಸುಪಾಸಿನಲ್ಲಿವೆ.

ಕರಾರಿನ ಒಳಗೆ ಇನ್ನೂ ಸೊಗಸಿದೆ. ಊರಹಬ್ಬಕ್ಕೆಂದೋ ರಿಪೇರಿಗೆಂದೋ ನಗರಸಭೆ ತನ್ನದೇ ರಸ್ತೆಯನ್ನು ಮುಚ್ಚಿದರೆ, ಮಿತಿ ಮೀರಿದ ಮೇಲೆ ಕಂಪನಿಗೆ ಪರಿಹಾರ ಕಟ್ಟಿಕೊಡಬೇಕು. ಸೈಕಲ್ ಪಥ ಮಾಡಲು ಮೀಟರು ಕಿತ್ತರೆ ಅಷ್ಟೇ ಬೆಲೆಯ ಜಾಗ ಬೇರೆಡೆ ಹುಡುಕಿಕೊಡಬೇಕು. ಅಂಗವಿಕಲರು ಕಾನೂನಿನಂತೆ ಪುಕ್ಕಟೆ ಕಾರು ನಿಲ್ಲಿಸಿದ್ದಕ್ಕೂ ಕಂಪನಿ ನಗರಕ್ಕೆ ಬಿಲ್ಲು ಕಳಿಸಿತು. ಮುಂದಿನ ಮೇಯರ್ ರಾಮ್ ಇಮ್ಯಾನ್ಯುಯೆಲ್ 2013ರಲ್ಲಿ ಚೌಕಾಸಿ ಮಾಡಿ ಬಡಾವಣೆಗಳಲ್ಲಿ ಭಾನುವಾರದ ಪಾರ್ಕಿಂಗ್ ಪುಕ್ಕಟೆ ಮಾಡಿಸಿದರು. ಜನ ಚಪ್ಪಾಳೆ ತಟ್ಟುವ ಮೊದಲೇ ಗೊತ್ತಾಯಿತು, ಅದಕ್ಕೆ ಬದಲಾಗಿ ಉಳಿದ ದಿನ ರಾತ್ರಿ ಮೀಟರಿನ ಹೊತ್ತು ಮುಂದಕ್ಕೆ ಹೋಗಿತ್ತು. ನಗರದ ಮೇಯರ್ ನಗರದ ರಸ್ತೆಯಲ್ಲಿ ಒಂದು ಭಾನುವಾರವನ್ನು ಕೇಳಿ ಪಡೆದುಕೊಂಡದ್ದು!

ನಮ್ಮವರಿಗೂ ಇದರ ಬಿಸಿ ತಟ್ಟದೆ ಇಲ್ಲ. ಚಿಕಾಗೋದ ಕನ್ನಡಿಗರು ಹುಣಸೆಹಣ್ಣು, ಕರಿಬೇವು, ತೊಗರಿಬೇಳೆ ಎಂದು ಹೋಗುವುದು ಡೆವನ್ ಅವೆನ್ಯೂಗೆ. ಅದರ ಒಂದು ತುಂಡಿಗೆ ಗಾಂಧಿ ಮಾರ್ಗ ಎಂಬ ಗೌರವದ ಹೆಸರೂ ಇದೆ. ಉಪ್ಪಿನ ಮೇಲೆ ತೆರಿಗೆ ಹಾಕಿದರೆಂದು ದಂಡಿಯವರೆಗೆ ನಡೆದುಹೋದ ಮುದುಕನ ಹೆಸರಿನ ಬೀದಿ. ಅಲ್ಲಿ ಉಪ್ಪು ಕೊಳ್ಳಲು ಕಾರು ನಿಲ್ಲಿಸಿದವರು ಅಬುಧಾಬಿಗೆ ಕಪ್ಪ ಒಪ್ಪಿಸಿ ಅಂಗಡಿ ಹೊಕ್ಕುತ್ತಾರೆ.

ಸಾಹೇಬರು ನಿವೃತ್ತರಾದ ಮೇಲೆ ಕ್ಯಾಟನ್ ಮ್ಯೂಚಿನ್ ಎಂಬ ದೊಡ್ಡ ವಕೀಲರ ಸಂಸ್ಥೆ ಸೇರಿದರು. ಮೀಟರ್ ಕರಾರಿನ ಕಾಗದಪತ್ರದ ಕೆಲಸ ಮಾಡಿದ್ದೂ ಅದೇ ಸಂಸ್ಥೆ. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಮೂರನೆಯ ಸಲಕ್ಕೆ ಪಾಸಾದ ಪರೀಕ್ಷೆ ಕೊನೆಗೂ ಉಪಯೋಗಕ್ಕೆ ಬಂತು, ಅಷ್ಟೇ.

ಭೋಗ್ಯದ ಚಟ ಮೀಟರಿನಿಂದಲೇ ಶುರುವಾದದ್ದೂ ಅಲ್ಲ. ಚಿಕಾಗೋ ಸ್ಕೈವೇ ಎಂಬ ಟೋಲ್ ರಸ್ತೆ 2005ರಲ್ಲೇ 99 ವರ್ಷಕ್ಕೆ ಹೋಗಿತ್ತು. ಮೀಟರಿನ ಹೊತ್ತಿಗೇ ಮಿಡ್‌ವೇ ವಿಮಾನ ನಿಲ್ದಾಣವನ್ನೂ 99 ವರ್ಷಕ್ಕೆ, ಸುಮಾರು 250 ಕೋಟಿ ಡಾಲರಿಗೆ ಒಪ್ಪಿಸಲು ಎಲ್ಲ ತಯಾರಾಗಿತ್ತು. ಅಷ್ಟರಲ್ಲಿ ಬ್ಯಾಂಕುಗಳು ಕುಸಿದಿದ್ದರಿಂದ ಕೊಳ್ಳುವವರಿಗೆ ಸಾಲ ಹುಟ್ಟಲಿಲ್ಲ, 2009ರ ಏಪ್ರಿಲ್‌ನಲ್ಲಿ ವ್ಯವಹಾರ ಮುರಿದುಬಿತ್ತು. ಕಟ್ಟಿದ್ದ 12.6 ಕೋಟಿ ಡಾಲರ್ ಮುಂಗಡ ನಗರಕ್ಕೇ ದಕ್ಕಿತು. ಊರಿನ ಆಸ್ತಿ ಊರಲ್ಲೇ ಉಳಿದು, ಮೇಲೆ ದುಡ್ಡೂ ಬಂದದ್ದು ಆ ಒಂದು ಸಲ. ಅದಕ್ಕೆ ಜಗತ್ತಿನ ಆರ್ಥಿಕತೆ ಮುಳುಗಬೇಕಾಯಿತು.