ರಾಣಿ ಪತ್ತೇದಾರಿಕೆಗೆ ಇಳಿದರೆ ಓಡಾಡುವವರು ಯಾರು?

ರಾಣಿಯೇ ಪತ್ತೇದಾರಿಕೆ ಮಾಡುವ, ರಕ್ತ ಹರಿಸದೆ ಕುತೂಹಲ ಹುಟ್ಟಿಸುವ ಕಾದಂಬರಿ ಬರೆಯುವ ಆಸೆ ಇದ್ದವರು ಮೈಸೂರಿನ ಕಡೆಗೇ ಯಾಕೆ ನೋಡಬೇಕು? ನಮ್ಮ ಮುಧೋಳ, ಜಮಖಂಡಿ, ರಾಮದುರ್ಗ 1948ರವರೆಗೂ ಸಂಸ್ಥಾನಗಳೇ ಆಗಿದ್ದವು. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಕಾರಭಾರಿ (ಸಂಸ್ಥಾನದ ಆಡಳಿತ ನೋಡುವವರು) ಯಾರ ಮನೆಗೆ ಊಟಕ್ಕೆ ಹೋದರು ಅನ್ನೋದು ಸಂಜೆಯೊಳಗೆ ಬಾವಿಕಟ್ಟೆ ಮುಟ್ಟಿರುತ್ತದೆ. ಈ ಬಗೆಯ ಕಥೆಗೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ. ಸಂಸ್ಥಾನದ ಹೆಸರು ಮಾತ್ರ ಕಲ್ಪಿತ ಇರಲಿ. ಕಾಲ 1934-35 ಇಟ್ಟುಕೊಳ್ಳಿ. 1939ಕ್ಕೆ ಬಂದರೆ ರಾಮದುರ್ಗದ ಪ್ರಜೆಗಳ ದಂಗೆ ಅಡ್ಡ ಬರುತ್ತದೆ, ಅಷ್ಟು ದೊಡ್ಡ ನೋವಿನ ಮುಂದೆ ಕಳೆದುಹೋದ ಕಾಗದವನ್ನು ಯಾರು ಹುಡುಕುತ್ತಾರೆ?

ಕಥೆ ಕೆಡುವುದು ರಾಣಿಯ ಅಧಿಕಾರದಿಂದ. "ಅವನ್ನ ಹಿಡದ ತರ್ರಿ" ಅಂದುಬಿಟ್ಟರೆ ಮೂರನೇ ಅಧ್ಯಾಯಕ್ಕೇ ಮುಗಿಯಿತು. ಆಕೆ ನೇರ ಕೇಳಿದರೆ ಜನ ನಿಜ ಹೇಳುವುದಿಲ್ಲ, ಆಕೆಗೆ ಹಿತವಾದದ್ದು ಹೇಳುತ್ತಾರೆ. ಹೆಣ್ಣುಮಕ್ಕಳು ಪರದೆಯ ಹಿಂದಿರುವ ಗೋಷಾ ಪದ್ಧತಿಯ ಮನೆತನವಾದರೆ ದರ್ಬಾರಿನ ಬಾಗಿಲೂ ದಾಟುವಂತಿಲ್ಲ. ಹಾಗಾಗಿ ಅಡುಗೆಮನೆಯಿಂದ ಬೆಲೆಬಾಳುವ ವಸ್ತು ಇಡುವ ಜಾಮದಾರಖಾನೆವರೆಗೂ ಸಲೀಸಾಗಿ ಓಡಾಡುವ ಒಬ್ಬ ಹೆಣ್ಣುಮಗಳು ಬೇಕೇ ಬೇಕು. ಪ್ರಶ್ನೆಗಳು ಅರಿಷಿಣ-ಕುಂಕುಮದ ನಡುವೆ ಜಾರಿ ಬರಬೇಕು:

"ಜಾಮದಾರಖಾನಿಗೆ ಹೊಸಾ ಕೀಲಿ ಹಾಕ್ಯಾರಲ್ಲ?"

"ಹೌದ್ರಿ ಬಾಯಿಸಾಹೇಬ್ರ, ಹಳೀದರ ಕೀಲಿಕೈ ಚಿಟ್ನೀಸರ ಕಡೆ ಕಳೀತಂತ್ರಿ."

ಇಷ್ಟು ಸಾಕು. (ಚಿಟ್ನೀಸ ಅಂದರೆ ದರ್ಬಾರಿನ ಪತ್ರವ್ಯವಹಾರ ನೋಡುವವನು.)

ಕಳೆದುಹೋಗುವ ವಸ್ತು ವಜ್ರದ ಹಾರ ಆಗುವುದು ಬೇಡ, ಗಾದಿಗೆ ಮಗನನ್ನು ದತ್ತು ತೆಗೆದುಕೊಂಡ ದತ್ತಕ ಪತ್ರ ಆಗಲಿ. ದತ್ತಕದ ಬೆಲೆ ಏನು ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ, 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪದೇ ಇದ್ದದ್ದಕ್ಕೇ ಯುದ್ಧ ಆಯಿತು. ಪತ್ರ ಎರಡು ದಿನ ಕಾಣೆಯಾಗಿ ಮತ್ತೆ ಸಿಗುತ್ತದೆ. ಸಿಕ್ಕದ್ದು ನಕಲಿ.

ಗೊತ್ತಾಗುವುದು ಲಿಪಿಯಿಂದ. ಈ ದರ್ಬಾರುಗಳ ಮರಾಠಿ ದಫ್ತರ (ಕಡತ-ದಾಖಲೆ) ಮೋಡಿ ಲಿಪಿಯಲ್ಲಿ ಇರುತ್ತಿತ್ತು. ಹಾಳೆಯ ಈ ತುದಿಯಿಂದ ಆ ತುದಿಗೆ ಮೊದಲು ಗೆರೆ ಎಳೆದು, ಅದರ ಕೆಳಗೆ ಅಕ್ಷರಗಳನ್ನು ಜೋಡಿಸುತ್ತ ಓಡುವ ಬರಹ ಅದು. ಪದಗಳ ನಡುವೆ ಜಾಗ ಇಲ್ಲ, ಇ-ಈ, ಉ-ಊ ಭೇದವನ್ನೂ ಸಾಮಾನ್ಯವಾಗಿ ಪಾಲಿಸುತ್ತಿರಲಿಲ್ಲ. ಶಾಲೆಯಲ್ಲಿ ಬಾಳಬೋಧ (ದೇವನಾಗರಿ) ಕಲಿತು ಬಂದವನು ಮೋಡಿ ಬರೆದರೆ ಪದ ಬಿಡಿಸುತ್ತಾನೆ, ಹ್ರಸ್ವ-ದೀರ್ಘ ಸರಿಯಾಗಿ ಹಾಕುತ್ತಾನೆ. ಆ ಶುದ್ಧತೆಯೇ ಅವನನ್ನು ಹಿಡಿದುಕೊಡುತ್ತದೆ.

ಈ ಸುಳಿವನ್ನು ಓದುಗರ ಕಣ್ಣಿಗೆ ಮೂರು ಸಲ ಬೀಳಿಸಬೇಕು. ಎರಡನೇ ಅಧ್ಯಾಯದಲ್ಲಿ ಮುದಿ ಕಾರಕೂನ ಗೆರೆ ಎಳೆಯುತ್ತಿರಲಿ, ಬೇರೆಲ್ಲೋ ಮಾಸ್ತರರು ಹುಡುಗನ ದೀರ್ಘ ತಿದ್ದಲಿ, ಆಮೇಲೆ ಪತ್ರ ಬರಲಿ. ಮೂರೂ ಒಂದೇ ಕಡೆ ಬಂದರೆ ಓದುಗ ಅಲ್ಲೇ ಕಂಡುಹಿಡಿಯುತ್ತಾನೆ, ಒಂದೇ ಸಲ ಬಂದರೆ ಕೊನೆಯಲ್ಲಿ ಮೋಸ ಅನ್ನಿಸುತ್ತದೆ. ಐವತ್ತು ಸಾವಿರ ಪದಗಳ ಕಾದಂಬರಿಯಾದರೆ ಮೊದಲ ಐದು ಸಾವಿರದೊಳಗೆ ಪತ್ರ ಕಾಣೆಯಾಗಬೇಕು. ಸಂಶಯಕ್ಕೆ ಐದು ಮಂದಿ ಸಾಕು.

ಮುಧೋಳದ ನಾಯಿಯನ್ನು ತರುವ ಆಸೆ ಎಲ್ಲರಿಗೂ ಇರುತ್ತದೆ, ತರಲೇಬೇಕು. ಆದರೆ ಅದು ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ವಾಸನೆ ಹಿಡಿದು ಕಳ್ಳನ ಮನೆ ತೋರಿಸಿತು ಅಂತ ಬರೆದರೆ ನಮ್ಮ ಕಡೆಯ ಓದುಗ ಪುಸ್ತಕ ಮುಚ್ಚುತ್ತಾನೆ. ದೂರದ ಹೊಲದಲ್ಲಿ ಅಲುಗಿದ್ದನ್ನು ಅದು ನೋಡಲಿ.

ಕಳ್ಳ ಗಾದಿಗೆ ಹತ್ತಿರದವನೇ ಆಗಿರಲಿ. ಸುದ್ದಿ ಹೊರಬಿದ್ದರೆ ಕೊಲ್ಲಾಪುರದಲ್ಲಿ ಕೂತ ಬ್ರಿಟಿಷ್ ಅಧಿಕಾರಿ ಸಂಸ್ಥಾನದೊಳಗೆ ಕೈಹಾಕಲು ಕಾರಣ ಸಿಗುತ್ತದೆ. ರಾಣಿ ಗುಟ್ಟಾಗಿ ಹುಡುಕುವುದಕ್ಕೆ ಇದೇ ಗಟ್ಟಿ ಕಾರಣ. ಕೊನೆಯಲ್ಲಿ ಭಾಷಣ ಬೇಡ. ಜಾತ್ರೆಯ ಆಮಂತ್ರಣ ಅಂತ ಹೇಳಿ ಐವರಿಂದಲೂ ಎರಡೆರಡು ಸಾಲು ಮೋಡಿ ಬರೆಸಲಿ. ನಾಲ್ವರು ಮೊದಲು ಗೆರೆ ಎಳೆಯುತ್ತಾರೆ. ಐದನೆಯವನು ಅಕ್ಷರ ಬರೆದು, ಆಮೇಲೆ ಒಂದೊಂದೇ ಪದದ ಮೇಲೆ ಗೆರೆ ಹಾಕುತ್ತಾನೆ.