ಹೊರಗೆ ಕೂರಬೇಡಿ, ಒಳಗೆ ಬನ್ನಿ

ಮಕ್ಕಳನ್ನು ಕರಾಟೆ ಕ್ಲಾಸಿಗೆ ಬಿಟ್ಟು, ಮುಗಿಯೋ ತನಕ ಹೊರಗೆ ಮೊಬೈಲ್ ನೋಡ್ತಾ ಕೂರುವ ಅಪ್ಪ-ಅಮ್ಮಂದಿರಿಗೆ ನನ್ನದೊಂದು ಮಾತು. ಚಪ್ಪಲಿ ಬಿಟ್ಟು ನೀವೂ ಒಳಗೆ ಬನ್ನಿ. ನಾನು ನನ್ನ ಮಗಳ ಜೊತೆ ಒಂದೇ ಕ್ಲಾಸಲ್ಲಿ ಕಲಿಯುತ್ತಿದ್ದೇನೆ. ಅದರ ಖುಷಿ ಅನುಭವಿಸಿದವರಿಗೇ ಗೊತ್ತು.

ಇದನ್ನು ಹೇಳಿದರೆ ಕೆಲವರು ನಗುತ್ತಾರೆ. ಅಪ್ಪ, ಅಮ್ಮ, ಮಕ್ಕಳು ಎಲ್ಲ ಸೇರಿ ಮಾಡೋದು ಯಾವ ಸೀಮೆ ಕರಾಟೆ? ನಿಜವಾದ ಕರಾಟೆ ಅಂದರೆ ರಕ್ತ ಬರಬೇಕು, ಇಟ್ಟಿಗೆ ಒಡೆಯಬೇಕು ಅನ್ನುವ ಜನ. ಇವರಿಗೆ ಇತಿಹಾಸ ಗೊತ್ತಿಲ್ಲ ಅಷ್ಟೆ. ಕರಾಟೆ ಹುಟ್ಟಿದ್ದು ಈಗ ಜಪಾನಿಗೆ ಸೇರಿರುವ ಓಕಿನಾವಾ ದ್ವೀಪದಲ್ಲಿ. ಬಹಳ ಕಾಲ ಅದು ಗುಟ್ಟಾಗಿ, ಗುರುವಿನಿಂದ ಬೆರಳೆಣಿಕೆಯ ಶಿಷ್ಯರಿಗೆ ದಾಟುತ್ತಿದ್ದ ವಿದ್ಯೆ. ಅದನ್ನು ಆ ಗುಟ್ಟಿನಿಂದ ಹೊರಗೆ ತಂದವರು ಇತೊಸು ಆಂಕೊ ಅನ್ನುವ ಗುರು. 1901ರಲ್ಲಿ ಶೂರಿ ಊರಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕರಾಟೆ ಕಲಿಸಲು ಶುರು ಮಾಡಿದರು. ಆಗ ಅವರಿಗೇ ಸುಮಾರು 70 ವರ್ಷ! ಕಟಾ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಹೊಡೆತ-ತಡೆಗಳ ಸರಣಿ. ಮಕ್ಕಳಿಗೆ ಹಳೆಯ ಕಟಾಗಳು ಕಷ್ಟ ಅಂತ ಪಿನಾನ್ ಅನ್ನುವ ಐದು ಚಿಕ್ಕ ಕಟಾಗಳನ್ನು ಕಟ್ಟಿಕೊಟ್ಟರು. ಅವರ ಶಿಷ್ಯ ಫುನಾಕೋಶಿ ಗಿಚಿನ್ ಶಾಲಾ ಮೇಷ್ಟ್ರು. 1922ರಲ್ಲಿ ಟೋಕಿಯೋಗೆ ಹೋಗಿ ಅಲ್ಲಿನ ಜನಕ್ಕೆ ಕರಾಟೆ ತೋರಿಸಿದ್ದು ಅವರೇ. ಪಿನಾನ್ ಕಟಾಗಳಿಗೆ ಹೇಯಾನ್ ಅಂತ ಹೆಸರು ಬದಲಿಸಿದ್ದೂ ಅವರೇ. ಇವತ್ತು ಫುನಾಕೋಶಿ ಶೈಲಿಯ, ಅಂದರೆ ಶೋಟೋಕಾನ್ ಕ್ಲಾಸಿಗೆ ಹೊಸದಾಗಿ ಸೇರುವ ಯಾರೇ ಆಗಲಿ ಕಲಿಯುವುದು ಈ ಕಟಾಗಳನ್ನೇ. ಅಂದರೆ ನಾವೆಲ್ಲ ಇವತ್ತು ಮಾಡುವ ಕರಾಟೆಗೆ ಈ ರೂಪ ಬಂದಿದ್ದೇ ಶಾಲೆಯ ಮಕ್ಕಳಿಂದ. ಹಾಗೆ ಶಾಲೆಗೆ ತಂದಾಗ ಒಂದಷ್ಟು ಅಪಾಯದ ಪಟ್ಟುಗಳನ್ನು ಬಿಟ್ಟರು, ನಿಜ. ಆ ನಷ್ಟದ ಬಗ್ಗೆ ಹಳಬರು ಇನ್ನೂ ಜಗಳ ಆಡ್ತಾರೆ, ಆಡಲಿ.

ನನ್ನ ಪ್ರಕಾರ ಕರಾಟೆಯನ್ನು ಮನೆಮಂದಿಯೆಲ್ಲ ಕಲಿಯೋ ವಿದ್ಯೆ ಮಾಡಿದ್ದು ಕಟಾ. ಅದೇ ಕಟಾ ಬಹಳ ಜನಕ್ಕೆ ಬೋರು. ಎದುರಾಳಿ ಇಲ್ಲ, ಪಾಯಿಂಟ್ ಇಲ್ಲ, ಅದದೇ ಹೆಜ್ಜೆ. ಆದರೆ ಯೋಚಿಸಿ. ಕ್ರಿಕೆಟ್ಟಲ್ಲಿ ಎಂಟು ವರ್ಷದ ಹುಡುಗಿಗೆ ಅವರಪ್ಪ ನಿಜವಾಗಿ ಬೌಲಿಂಗ್ ಮಾಡೋಕೆ ಆಗುತ್ತಾ? ಬೇಕಂತಲೇ ಮೆತ್ತಗೆ ಎಸೆಯಬೇಕು. ಮಗುವಿಗೂ ಅದು ಗೊತ್ತಾಗುತ್ತೆ. ಕಟಾದಲ್ಲಿ ಆ ನಾಟಕ ಬೇಡ. ಅವಳು ಪೂರ್ತಿ ಜೋರಲ್ಲಿ ಮಾಡ್ತಾಳೆ, ನಾನೂ ಪೂರ್ತಿ ಜೋರಲ್ಲಿ ಮಾಡ್ತೀನಿ, ಪಕ್ಕದ ಸಾಲಿನ ಅಜ್ಜಿ ಅವರ ಮಂಡಿ ಬಗ್ಗುವಷ್ಟು ಬಗ್ಗಿ ಮಾಡ್ತಾರೆ. ಯಾರೂ ಯಾರಿಗಾಗಿಯೂ ಸೋಲಬೇಕಿಲ್ಲ.

ಇನ್ನೊಂದು ಮಜಾ ಸಾಲಲ್ಲಿ ನಿಲ್ಲುವುದು. ಅಲ್ಲಿ ವಯಸ್ಸಲ್ಲ, ಬೆಲ್ಟ್ ಲೆಕ್ಕ. ಮಗಳದು ಹಸಿರು ಬೆಲ್ಟ್, ನನ್ನದು ಹಳದಿ. ಹಾಗಾಗಿ ಅವಳು ಮುಂದೆ, ನಾನು ಹಿಂದೆ. ಸರ್ ಬೇರೆಯವರನ್ನು ನೋಡುವಾಗ ನನ್ನನ್ನು ತಿದ್ದೋ ಕೆಲಸ ಅವಳಿಗೆ ಕೊಡುತ್ತಾರೆ. "ಅಪ್ಪಾ, ಹಿಮ್ಮಡಿ ಎದ್ದಿದೆ" ಅಂತಾಳೆ. ನೋಡಿಕೊಂಡರೆ ಹೌದು, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟಿದೆ. ಅದನ್ನು ಊರಿದೆ ಅನ್ನುವಷ್ಟರಲ್ಲಿ ಮುಂದಿನ ಮಂಡಿ ನೆಟ್ಟಗಾಗಿರುತ್ತೆ. ಮಂಡಿ ಬಗ್ಗಿಸಿದರೆ ಸೊಂಟದ ಹತ್ತಿರ ಇರಬೇಕಾದ ಎಡಗೈ ಮುಷ್ಟಿ ಎಲ್ಲೋ ಜಾರಿರುತ್ತೆ. ಅವಳು ಬಂದು ಮುಷ್ಟಿ ಹಿಡಿದು ಪಕ್ಕೆಗೆ ಒತ್ತಿ ಇಡ್ತಾಳೆ. "ಇಲ್ಲಿ. ಇಲ್ಲೇ ಇರ್ಲಿ." ಮನೆಯಲ್ಲಿ ಹೋಮ್‌ವರ್ಕ್ ವಿಷಯಕ್ಕೆ ನಾನು ಎಷ್ಟು ತಾಳ್ಮೆಯಿಂದ ಹೇಳ್ತೀನೋ ಅದಕ್ಕಿಂತ ಜಾಸ್ತಿ ತಾಳ್ಮೆ ಅವಳಿಗಿದೆ. ಮಕ್ಕಳು ದೊಡ್ಡವರಿಗೆ ಕಲಿಸುವ, ದೊಡ್ಡವರು ತಲೆಬಾಗಿ ಕೇಳುವ ಇಂಥ ಜಾಗ ಬೇರೆ ಎಷ್ಟಿವೆ ಹೇಳಿ?

ಹಾಗಾದರೆ ಫೈಟ್ ಇಲ್ವಾ ಅಂತ ಕೇಳಬಹುದು. ಇದೆ. ಎಲ್ಲಿಗೆ ಅಂತ ಮೊದಲೇ ಹೇಳಿ ಹೊಡೆಯುವ ಕುಮಿಟೆ, ಅಂದರೆ ಇಬ್ಬರು ಎದುರುಬದುರು ನಿಂತು ಮಾಡುವ ಅಭ್ಯಾಸ. "ಜೋದಾನ್" ಅಂದರೆ ಮುಖಕ್ಕೆ ಬರುತ್ತೆ ಅಂತ ಅರ್ಥ. ಹೇಳಿದ ಮೇಲೆ ಪಂಚ್ ನಿಜವಾಗಿಯೇ ಬರಬೇಕು, ಆದರೆ ಮುಟ್ಟುವ ಮೊದಲು ನಿಲ್ಲಬೇಕು. ಈ ನಿಲ್ಲಿಸುವುದೇ ಕಷ್ಟದ ಕೆಲಸ. ಟೋಕಿಯೋ ಒಲಿಂಪಿಕ್ಸ್ ನೆನಪಿದೆಯಾ? 2021ರಲ್ಲಿ ಕರಾಟೆ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಗಂಡಸರ 75 ಕೆಜಿ ಮೇಲಿನ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೆದಿ 4-1ರಿಂದ ಮುಂದಿದ್ದರು. ತಲೆಗೆ ಒಂದು ಕಿಕ್ ಬಿಟ್ಟರು, ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಬೇರೆ ಆಟದಲ್ಲಾದರೆ ಅಲ್ಲಿಗೆ ಹಮೆದಿ ಗೆದ್ದಂತೆ. ಇಲ್ಲಿ ಅವರನ್ನು ಅನರ್ಹ ಮಾಡಿ, ಸ್ಟ್ರೆಚರ್ ಮೇಲೆ ಹೋದ ಗಂಜ್‌ಜಾದೆಗೆ ಚಿನ್ನ ಕೊಟ್ಟರು. ಜಗತ್ತೆಲ್ಲ ಗೇಲಿ ಮಾಡಿತು. ನನಗಂತೂ ಆ ತೀರ್ಪು ಸರಿ ಅನಿಸಿತು. ಹೊಡೆತ ನಿಲ್ಲಿಸೋಕೆ ಬರದಿದ್ದರೆ ಅಪ್ಪ-ಮಗಳು ಎದುರುಬದುರು ನಿಲ್ಲೋಕೇ ಆಗೋದಿಲ್ಲ. ಪ್ಯಾರಿಸ್‌ನಲ್ಲಿ ಕರಾಟೆ ಇರಲಿಲ್ಲ. ಅದರಿಂದ ನಮ್ಮ ಕ್ಲಾಸಿಗೆ ಏನೂ ಆಗಲಿಲ್ಲ ಬಿಡಿ.

ಹೇಯಾನ್ ಕಟಾ ಐದಕ್ಕೆ ಐದೂ ಶುರುವಾಗುವುದು ಏಟು ತಡೆಯುವ ಬ್ಲಾಕ್‌ನಿಂದ. ಒಂದೂ ಏಟಿನಿಂದ ಶುರುವಾಗೋದಿಲ್ಲ. ಕರಾಟೆಯಲ್ಲಿ ಮೊದಲ ಏಟು ಇಲ್ಲ ಅಂತ ಫುನಾಕೋಶಿ ಹೇಳುತ್ತಿದ್ದರು. ಮಗಳಿಗೆ ಇದನ್ನು ಬಾಯಿಮಾತಲ್ಲಿ ಹೇಳುವ ಅಗತ್ಯವೇ ಬರಲಿಲ್ಲ, ಅವಳ ಕೈಗೇ ಅದು ಗೊತ್ತು.

ಈಗ ಒಂದು ಬೇಜಾರಿನ ವಿಷಯ. ಬೆಲ್ಟ್ ವ್ಯಾಪಾರ. ಪರೀಕ್ಷೆ ಫೀಸು ಕಟ್ಟಿದರೆ ಬಣ್ಣ ಬದಲಾಗುವ ಕ್ಲಾಸುಗಳಿವೆ. ಹಾಲು ಹಲ್ಲು ಬೀಳುವ ವಯಸ್ಸಿಗೆ ಬ್ಲ್ಯಾಕ್ ಬೆಲ್ಟ್! ಹಾಗೆ ನೋಡಿದರೆ ಈ ಬೆಲ್ಟ್ ಪದ್ಧತಿಯೇ ಕರಾಟೆಯ ಸ್ವಂತದ್ದಲ್ಲ. ಜೂಡೋ ಕಟ್ಟಿದ ಕಾನೊ ಜಿಗೋರೋ ಅವರಿಂದ ಬಂದಿದ್ದು. ಫುನಾಕೋಶಿ ತಮ್ಮ ಶಿಷ್ಯರಿಗೆ ಮೊದಲ ಸಲ ಬ್ಲ್ಯಾಕ್ ಬೆಲ್ಟ್ ಕೊಟ್ಟಿದ್ದು 1924ರಲ್ಲಿ. ಅದಕ್ಕೂ ಮುಂಚೆ ಸೊಂಟಕ್ಕೆ ಯಾವ ಬಣ್ಣವೂ ಇಲ್ಲದೆ ಜನ ಚೆನ್ನಾಗಿಯೇ ಕಲಿತಿದ್ದರು. ಮಕ್ಕಳಿಗೆ ಬಣ್ಣದ ಆಸೆ ಇರಲಿ, ತಪ್ಪಿಲ್ಲ. ಆದರೆ ಫೇಲ್ ಮಾಡುವ ಧೈರ್ಯ ಇಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಆತ್ಮರಕ್ಷಣೆಯ ಬಗ್ಗೆಯೂ ಜಾಸ್ತಿ ಕೊಚ್ಚಿಕೊಳ್ಳಬಾರದು. ವಾರಕ್ಕೆರಡು ಸಲ ಕ್ಲಾಸಿಗೆ ಹೋದ ಮಗು ದೊಡ್ಡವನೊಬ್ಬನನ್ನು ಕೆಡವುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೂಗು ಹಾಕಿ ಓಡೋದು ಕಲಿತರೆ ಅದೇ ದೊಡ್ಡದು. ಕಿಯಾಯ್ ಅಂತ ಕ್ಲಾಸಲ್ಲಿ ದಿನಾ ಕಿರುಚುವುದರಿಂದ ಕೂಗೋಕೆ ಸಂಕೋಚವಂತೂ ಹೋಗುತ್ತೆ. ನಾಚಿಕೆ ಸ್ವಭಾವದ ಮಕ್ಕಳ ಅಪ್ಪ-ಅಮ್ಮ ಇದನ್ನು ಗಮನಿಸಿ. ನಾಚಿಕೆ ಸ್ವಭಾವದ ಅಪ್ಪಂದಿರೂ ಗಮನಿಸಬಹುದು.

ಸೇರುವ ಮೊದಲು ಒಂದು ಕ್ಲಾಸನ್ನು ಪೂರ್ತಿ ಕೂತು ನೋಡಿ. ಗೋಡೆಯ ಮೇಲಿನ ಟ್ರೋಫಿ ಎಣಿಸಬೇಡಿ. ಸಾಲಿನ ಕಟ್ಟಕಡೆಯಲ್ಲಿ ತಡವರಿಸುತ್ತಾ ನಿಂತವರ ಹತ್ತಿರ ಸರ್ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನೋಡಿ. ದೊಡ್ಡವರು ಯಾರಾದರೂ ಬಿಳಿ ಬೆಲ್ಟಲ್ಲಿ ಇದ್ದಾರಾ ನೋಡಿ. ಒಬ್ಬರೂ ಇಲ್ಲದಿದ್ದರೆ ಯಾಕೆ ಅಂತ ಸರ್‌ನೇ ಕೇಳಿ. "ನೀವೇ ಮೊದಲನೆಯವರಾಗಿ, ಬನ್ನಿ" ಅಂದರೆ ಅವತ್ತೇ ಸೇರಿಬಿಡಿ.