ಹ್ಯಾನೋವರಿನ ಸ್ಕಾರ್ಪಿಯನ್ಸ್ ಮತ್ತು ನಮ್ಮ ಮೇಳಗಳು

ನಾನು ನೆಲೆಸಿರುವ ಜರ್ಮನಿಯ ಹ್ಯಾನೋವರ್ ನಗರದ ಹೆಸರು ಹೇಳಿದೊಡನೆ ರಾಕ್ ಸಂಗೀತ ಕೇಳುವ ಕನ್ನಡಿಗರು ಸ್ಕಾರ್ಪಿಯನ್ಸ್ ತಂಡವನ್ನು ನೆನೆಯುತ್ತಾರೆ, ಮಾತು ಕೂಡಲೇ ‘ವಿಂಡ್ ಆಫ್ ಚೇಂಜ್’ ಹಾಡಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. 1989ರ ಮಾಸ್ಕೋ ಸಂಗೀತೋತ್ಸವದ ಅನುಭವದಿಂದ ಗಾಯಕ ಕ್ಲೌಸ್ ಮೈನೆ ಬರೆದ ಆ ಹಾಡು 1990ರ ಆಲ್ಬಮ್ಮಿನಲ್ಲಿ ಹೊರಬಂದಾಗ ತಂಡಕ್ಕೆ ಆಗಲೇ ಇಪ್ಪತ್ತೈದು ವರ್ಷವಾಗಿತ್ತು. ಹಾಡಿನ ಕೀರ್ತಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಆ ಇಪ್ಪತ್ತೈದು ವರ್ಷ ಮತ್ತು ಅದರ ಮೇಲೆ ನಡೆದುಬಂದ ಮೂವತ್ತೈದು ವರ್ಷ. ಒಂದು ಸಂಗೀತ ತಂಡ ಇಷ್ಟು ಕಾಲ ಬಾಳುವುದು ಹೇಗೆ, ನಮ್ಮಲ್ಲಿ ಅಂಥದ್ದು ಎಲ್ಲಿ ಸಾಧ್ಯವಾಗಿದೆ, ಎಲ್ಲಿ ಆಗಿಲ್ಲ ಎಂಬುದನ್ನು ಈ ಊರಿನಲ್ಲಿದ್ದುಕೊಂಡು ನೋಡುವಾಗ ನನಗೆ ಕೆಲವು ಸಂಗತಿಗಳು ಸ್ಪಷ್ಟವಾಗಿವೆ.

ರುಡಾಲ್ಫ್ ಶೆಂಕರ್ 1965ರಲ್ಲಿ ತಂಡವನ್ನು ಕಟ್ಟಿದರು. ಕಟ್ಟಿದವರೇ ವೇದಿಕೆಯ ನಡುವೆ ನಿಲ್ಲಬೇಕೆಂಬ ಹಟ ಅವರಿಗಿರಲಿಲ್ಲ. ಮೈನೆ ಬಂದ ಮೇಲೆ ಹಾಡುವ ಕೆಲಸ ಅವರದಾಯಿತು. ಕೇಳುಗರು ಬೆರಗಾಗಿ ಗಮನಿಸುವ ಲೀಡ್ ಗಿಟಾರ್ ಮೊದಲು ತಮ್ಮ ಮೈಕೆಲ್ ಶೆಂಕರ್ ಕೈಗೆ, ಆಮೇಲೆ ಬೇರೆಯವರ ಕೈಗೆ ಹೋಯಿತು. ರುಡಾಲ್ಫ್ ಬಹುಮಟ್ಟಿಗೆ ರಿದಂ ಗಿಟಾರನ್ನೇ ಹಿಡಿದು ಉಳಿದರು, ಹಾಡುಗಳಿಗೆ ಸಂಗೀತ ಕಟ್ಟಿದರು. 1972ರಲ್ಲಿ ಮೊದಲ ಆಲ್ಬಮ್ ಬಂತು. ಮರುವರ್ಷವೇ ಮೈಕೆಲ್ ಬ್ರಿಟಿಷ್ ತಂಡ ಯುಎಫ್‌ಒ ಸೇರಿದಾಗ ಸ್ಕಾರ್ಪಿಯನ್ಸ್ ಹೆಚ್ಚುಕಡಿಮೆ ಚದುರಿಹೋಯಿತು. ಆಗ ರುಡಾಲ್ಫ್ ಮಾಡಿದ್ದು ಗಮನಾರ್ಹ: ಗಿಟಾರ್ ವಾದಕ ಉಲಿ ಜಾನ್ ರೋತ್ ಇದ್ದ ಡಾನ್ ರೋಡ್ ಎಂಬ ತಂಡದ ಜೊತೆ ತಾವೇ ಹೋಗಿ ಸೇರಿಕೊಂಡರು, ಮೈನೆಯವರೂ ಬಂದರು, ಜನಕ್ಕೆ ಪರಿಚಿತವಾಗಿದ್ದ ಸ್ಕಾರ್ಪಿಯನ್ಸ್ ಎಂಬ ಹೆಸರನ್ನು ಹೊಸ ಕೂಟಕ್ಕೆ ಇಟ್ಟುಕೊಂಡರು. 1978ರಲ್ಲಿ ರೋತ್ ಬಿಟ್ಟರು, ಮಥಿಯಾಸ್ ಯಾಬ್ಸ್ ಬಂದರು. ನಡುವೆ ಮೈಕೆಲ್ ಸ್ವಲ್ಪ ಕಾಲ ಮರಳಿ ಬಂದು ಮತ್ತೆ ಹೊರಟಾಗ ಕರೆಸಿಕೊಂಡದ್ದೂ ಯಾಬ್ಸ್ ಅವರನ್ನೇ. ಅವರು ಇಂದಿಗೂ ಅಲ್ಲಿದ್ದಾರೆ. ಒಡಹುಟ್ಟಿದವನು ನಿಲ್ಲದ ಜಾಗದಲ್ಲಿ ಹೊರಗಿನವನು ನಾಲ್ಕು ದಶಕ ದಾಟಿ ನಿಂತಿದ್ದಾನೆ.

ಇದಕ್ಕೆ ಸರಿಸಾಟಿಯಾದದ್ದನ್ನು ನಮ್ಮಲ್ಲಿ ಹುಡುಕುವವರು ಸಿನಿಮಾ ಸಂಗೀತವನ್ನಲ್ಲ, ಯಕ್ಷಗಾನ ಮೇಳಗಳನ್ನು ನೋಡಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯು ಅವರ ಮಗ ಶಂಭು ಹೆಗಡೆಯವರ ಕಾಲವನ್ನು ದಾಟಿ ಮೊಮ್ಮಗ ಶಿವಾನಂದ ಹೆಗಡೆಯವರ ಕೈಯಲ್ಲಿ ನಡೆಯುತ್ತಿದೆ. ವೇಷಧಾರಿಗಳು ಬದಲಾದರೂ ಮೇಳದ ಹೆಸರು ಮತ್ತು ಆಟದ ಕ್ರಮ ಮುಂದುವರಿದಿವೆ. ವ್ಯತ್ಯಾಸವೆಂದರೆ ಅಲ್ಲಿ ಹೊಣೆ ಒಂದೇ ಮನೆತನದೊಳಗೆ ಇಳಿದು ಬಂತು, ಇಲ್ಲಿ ಕಸುಬು ನೋಡಿ ಜನರನ್ನು ತಂದುಕೊಳ್ಳಲಾಯಿತು. ಎರಡೂ ದಾರಿಗಳಿಗೆ ತಮ್ಮ ತಮ್ಮ ಬಲವಿದೆ. ಆದರೆ ಮನೆಯಲ್ಲಿ ಮುಂದುವರಿಸುವವರು ಹುಟ್ಟದಿದ್ದರೆ ಕಲೆ ನಿಂತೇ ಹೋಗಬೇಕೆಂಬ ಭಯ ಎರಡನೆಯದರಲ್ಲಿ ಇಲ್ಲ ಎಂಬುದನ್ನು ಒಪ್ಪಲೇಬೇಕು. ಸ್ಕಾರ್ಪಿಯನ್ಸ್ ತಂಡದಲ್ಲಿ 2003ರ ನಂತರ ಬಾಸ್ ಗಿಟಾರ್ ಹಿಡಿದವರು ಪೋಲೆಂಡಿನವರು, 2016ರಲ್ಲಿ ಡ್ರಮ್ಸಿಗೆ ಬಂದ ಮಿಕ್ಕಿ ಡೀ ಸ್ವೀಡನ್ನಿನವರು. ಹ್ಯಾನೋವರಿನ ಜನ ಅದಕ್ಕಾಗಿ ಈ ತಂಡವನ್ನು ತಮ್ಮದಲ್ಲವೆಂದುಕೊಂಡಿಲ್ಲ. 2025ರ ಜುಲೈಯಲ್ಲಿ ಇಲ್ಲಿನ ಕ್ರೀಡಾಂಗಣದಲ್ಲಿ ಅರವತ್ತನೆಯ ವರ್ಷದ ಕಾರ್ಯಕ್ರಮವನ್ನು ಊರೇ ತನ್ನ ಹಬ್ಬವಾಗಿ ಕಂಡಿತು.

ಹಾಗೆಂದು ಇವರಿಗೆ ಜನ ಮುಖ್ಯರಲ್ಲ, ಹೆಸರೊಂದೇ ಮುಖ್ಯ ಎಂದು ಯಾರಾದರೂ ತೀರ್ಮಾನಿಸಿದರೆ ಅದು ತಪ್ಪಾಗುತ್ತದೆ. ‘ಬ್ಲ್ಯಾಕೌಟ್’ ಆಲ್ಬಮ್ಮಿನ ತಯಾರಿ ನಡೆದಿದ್ದ 1981ರಲ್ಲಿ ಮೈನೆಯವರ ದನಿ ಹೊರಟುಹೋಯಿತು. ತಾನಿಲ್ಲದೆ ಮುಂದುವರಿಯಿರಿ ಎಂದು ಅವರೇ ಬಿಟ್ಟುಕೊಡಲು ಸಿದ್ಧರಿದ್ದರು. ತಂಡ ಒಪ್ಪಲಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆ ನಡೆದು, ದನಿಗೆ ಮತ್ತೆ ಅಭ್ಯಾಸ ಕೊಡುವಷ್ಟು ದಿನ ಕಾದರು. ಅಷ್ಟರವರೆಗೆ ಅಮೆರಿಕದ ಗಾಯಕ ಡಾನ್ ಡಾಕೆನ್ ಬಂದು ತಾತ್ಕಾಲಿಕವಾಗಿ ಹಾಡಿ ಕೆಲಸ ನಿಲ್ಲದಂತೆ ನೋಡಿಕೊಂಡರು. 1982ರಲ್ಲಿ ಹೊರಬಂದ ಆಲ್ಬಮ್ಮಿನಲ್ಲಿ ಕೇಳಿಸುವುದು ಮೈನೆಯವರದೇ ದನಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಕಂಠ ಗಂಟಲಿನ ಚಿಕಿತ್ಸೆಯ ನಂತರ ಗಡುಸಾಗಿ, ಗಂಡುದನಿಯಂತಾದಾಗ ಆ ಕಂಠಕ್ಕೇ ಒಪ್ಪುವ ಗಾಯನವನ್ನು ಅವರು ಕಟ್ಟಿಕೊಂಡದ್ದು ನಮಗೆಲ್ಲ ಗೊತ್ತು. ಅದು ಒಬ್ಬ ಕಲಾವಿದೆಯ ತಪಸ್ಸು, ಇದು ಒಂದು ಗುಂಪಿನ ತಾಳ್ಮೆ. ನಮ್ಮವರು ಮೊದಲನೆಯದನ್ನು ಪೂಜಿಸುವಷ್ಟು ಎರಡನೆಯದನ್ನು ಗೌರವಿಸುವುದಿಲ್ಲ ಎಂಬುದು ನನ್ನ ದೂರು.

2010ರಲ್ಲಿ ನಿವೃತ್ತಿ ಘೋಷಿಸಿ, ವಿದಾಯದ ಪ್ರವಾಸ ಮಾಡಿ, ಕೊನೆಗೆ ಆ ನಿರ್ಧಾರವನ್ನು ಬಿಟ್ಟುಬಿಟ್ಟರೆಂದು ಈ ತಂಡವನ್ನು ಹಳಿಯುವವರಿದ್ದಾರೆ. ಮಾತು ಕೊಟ್ಟ ಮೇಲೆ ನಡೆಯಬೇಕು ಎಂಬುದು ನ್ಯಾಯವೇ. ಆದರೂ 2022ರಲ್ಲಿ ಹೊಸ ಆಲ್ಬಮ್ ತರುವಷ್ಟು ಕೆಲಸ ಉಳಿದಿದ್ದವರು ಮನೆಯಲ್ಲಿ ಕೂರಬೇಕಿತ್ತೆಂದು ನನಗನ್ನಿಸುವುದಿಲ್ಲ.

ಬೆಂಗಳೂರಿನಲ್ಲಿ ಇಂಥ ಸಂಗೀತಕ್ಕೆ ಕೇಳುಗರ ಕೊರತೆಯಿಲ್ಲ. ಸ್ಕಾರ್ಪಿಯನ್ಸ್ 2007ರಲ್ಲಿ ಅಲ್ಲಿಗೂ ಬಂದಿತ್ತು. ಕೊರತೆಯಿರುವುದು ತಂಡವನ್ನು ತಂಡವಾಗಿ ಕಾಣುವ ಅಭ್ಯಾಸದಲ್ಲಿ. ಮೇಳದ ಪ್ರೇಕ್ಷಕರು ಭಾಗವತರ ಹೆಸರಿನಂತೆ ಮದ್ದಳೆ, ಚಂಡೆಯವರ ಹೆಸರನ್ನೂ ಬಲ್ಲರು. ಕಚೇರಿಯಲ್ಲಿ ಪಕ್ಕವಾದ್ಯದವರನ್ನು ಪರಿಚಯಿಸುವ ಮರ್ಯಾದೆಯೂ ನಮ್ಮಲ್ಲಿದೆ. ಹೊರನಾಡಿನ ನಮ್ಮ ರಾಜ್ಯೋತ್ಸವಗಳಿಗೆ ಬಂದೊಡನೆ ಮಾತ್ರ ಗಾಯಕರ ದೊಡ್ಡ ಚಿತ್ರದ ಕೆಳಗೆ ‘ಮತ್ತು ವಾದ್ಯವೃಂದ’ ಎಂದು ಬರೆದು ಮುಗಿಸುತ್ತೇವೆ. ವರ್ಷವಿಡೀ ಕೆಲಸ ಮುಗಿಸಿ ಬಂದು ಅಭ್ಯಾಸ ಮಾಡುವ ಕೀಬೋರ್ಡ್, ತಬಲಾ, ಗಿಟಾರಿನ ಹುಡುಗ ಹುಡುಗಿಯರು ಜರ್ಮನಿಯ ಕನ್ನಡ ಕೂಟಗಳಲ್ಲೇ ಇದ್ದಾರೆ. ಅವರಿಗೊಂದು ತಂಡದ ಹೆಸರು ಕೊಟ್ಟು, ಆ ಹೆಸರಿನಲ್ಲೇ ವರ್ಷ ವರ್ಷವೂ ವೇದಿಕೆಗೆ ಕರೆದು, ಆಹ್ವಾನಪತ್ರಿಕೆಯಲ್ಲಿ ಪ್ರತಿಯೊಬ್ಬರ ಹೆಸರನ್ನೂ ಗಾಯಕರ ಹೆಸರಿನಷ್ಟೇ ಅಕ್ಷರದಲ್ಲಿ ಅಚ್ಚು ಮಾಡಿಸಬೇಕೆಂದು ನಮ್ಮ ಕೂಟಗಳ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಬರುವ ನವೆಂಬರಿನಿಂದಲೇ ಅದನ್ನು ಆರಂಭಿಸಬಹುದು.